ಎದೆಬಡಿತ ಹಾದಿ ತಪ್ಪಿದರೆ ಔಷಧಿ ಎಲ್ಲಿ ಕೆಲಸ ಮಾಡುತ್ತದೆ? ಐಯಾನ್ ಚಾನೆಲ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಫಾರ್ಮಸಿ ಓದುವ ಹುಡುಗ ಹುಡುಗಿಯರಿಗೆ ಫಾರ್ಮಕಾಲಜಿ ಹೇಳಿಕೊಡುವುದು ನನ್ನ ಕೆಲಸ. ತರಗತಿಯ ಪ್ರಶ್ನೆಗಳು ಪರೀಕ್ಷೆಯ ದಾರಿ ಹಿಡಿದಿರುತ್ತವೆ. ನೆಂಟರು, ಅಕ್ಕಪಕ್ಕದವರು ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಾರೆ. ಎರಡನ್ನೂ ಇಲ್ಲಿ ಬೆರೆಸಿ ಇಟ್ಟಿದ್ದೇನೆ. ಇದನ್ನು ಓದಿ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ಅದು ನಿಮ್ಮನ್ನು ನೋಡುತ್ತಿರುವ ಡಾಕ್ಟರ ಕೆಲಸ.

ಐಯಾನ್ ಚಾನೆಲ್ ಅಂದ್ರೆ ಏನು?

ಹೃದಯದ ಪ್ರತಿ ಜೀವಕೋಶಕ್ಕೂ ಒಂದು ತೆಳು ಪೊರೆ ಇದೆ. ವಿದ್ಯುತ್ ಹೊತ್ತ ಉಪ್ಪಿನ ಕಣಗಳು, ಅಂದರೆ ಐಯಾನ್‌ಗಳು, ಆ ಪೊರೆಯನ್ನು ದಾಟಲಾರವು. ದಾಟಬೇಕಾದರೆ ಪೊರೆಯಲ್ಲಿ ಕೂತಿರುವ ಪ್ರೋಟೀನಿನ ಸಣ್ಣ ಕಂಡಿಯಿಂದಲೇ ದಾಟಬೇಕು. ಆ ಕಂಡಿಯೇ ಐಯಾನ್ ಚಾನೆಲ್.

ನಮ್ಮ ಕಡೆಯವರಿಗೆ ಕೆರೆಯ ತೂಬು ಗೊತ್ತು. ತೂಬು ನೀರನ್ನು ತಳ್ಳುವುದಿಲ್ಲ. ಅದನ್ನು ಎತ್ತಿದರೆ ಸಾಕು, ನೀರು ತಾನೇ ತಗ್ಗಿಗೆ ಹರಿಯುತ್ತದೆ. ಚಾನೆಲ್ ಕೂಡ ಅಷ್ಟೇ. ಜೀವಕೋಶದ ಹೊರಗೆ ಲೀಟರಿಗೆ ಸುಮಾರು 140 ಮಿಲಿಮೋಲ್ ಸೋಡಿಯಂ ಇದ್ದರೆ ಒಳಗೆ 10ರ ಆಸುಪಾಸು. ಪೊಟ್ಯಾಸಿಯಂ ಇದಕ್ಕೆ ತದ್ವಿರುದ್ಧ: ಒಳಗೆ 140ರ ಹತ್ತಿರ, ಹೊರಗೆ ಬರೀ 4. ಸೋಡಿಯಂ ಚಾನೆಲ್ ತೆರೆದರೆ ಸೋಡಿಯಂ ಒಳಗೆ ನುಗ್ಗುತ್ತದೆ. ಪೊಟ್ಯಾಸಿಯಂ ಚಾನೆಲ್ ತೆರೆದರೆ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಒಂದು ಚಾನೆಲ್ ಸಾಮಾನ್ಯವಾಗಿ ಒಂದು ಜಾತಿಯ ಕಣವನ್ನಷ್ಟೇ ಬಿಡುತ್ತದೆ. ಸೋಡಿಯಂ ಚಾನೆಲ್ ಅಂತೂ ಒಂದು ಮಿಲಿಸೆಕೆಂಡಿನೊಳಗೆ ತೆರೆದುಕೊಳ್ಳುತ್ತದೆ.

ಒಂದು ಬಡಿತದಲ್ಲಿ ಏನೇನಾಗುತ್ತದೆ?

ಹೃದಯದ ಕೆಳಗಿನ ಕೋಣೆಯ ಜೀವಕೋಶ ಸುಮ್ನಿರುವಾಗ ಅದರ ಒಳಭಾಗ ಸುಮಾರು ಮೈನಸ್ 90 ಮಿಲಿವೋಲ್ಟ್‌ನಲ್ಲಿರುತ್ತದೆ. ಪಕ್ಕದ ಕೋಶದಿಂದ ಸುದ್ದಿ ಬಂದ ಕೂಡಲೇ ಸೋಡಿಯಂ ಚಾನೆಲ್‌ಗಳು ತೆರೆದು, ಒಂದೆರಡು ಮಿಲಿಸೆಕೆಂಡಿನಲ್ಲಿ ವೋಲ್ಟೇಜ್ ಸೊನ್ನೆ ದಾಟಿ ಮೇಲೇರುತ್ತದೆ. ಆಮೇಲೆ ಕ್ಯಾಲ್ಸಿಯಂ ನಿಧಾನವಾಗಿ ಒಳಗೆ ಬರುತ್ತದೆ. ಸ್ನಾಯು ಹಿಂಡುವುದು ಈ ಕ್ಯಾಲ್ಸಿಯಂನಿಂದಲೇ. 200-300 ಮಿಲಿಸೆಕೆಂಡ್ ವೋಲ್ಟೇಜ್ ಮೇಲೆಯೇ ನಿಂತು, ಕೊನೆಗೆ ಪೊಟ್ಯಾಸಿಯಂ ಹೊರಗೆ ಹೋಗುತ್ತಾ ಹೋದಂತೆ ಕೋಶ ಮೊದಲಿನ ಸ್ಥಿತಿಗೆ ಬರುತ್ತದೆ. ಹೀಗೆ ವಾಪಸಾಗುವವರೆಗೆ ಇನ್ನೊಂದು ಬಡಿತಕ್ಕೆ ಅದು ಓಗೊಡುವುದಿಲ್ಲ. ಈ ಬಿಡುವು ಬಹಳ ಮುಖ್ಯ, ಮುಂದೆ ಕೆಲಸಕ್ಕೆ ಬರುತ್ತದೆ.

ಬಡಿತ ಶುರುವಾಗುವ ಜಾಗ ಮೇಲಿನ ಬಲಕೋಣೆಯಲ್ಲಿರುವ ಎಸ್‌ಎ ನೋಡ್. ಅಲ್ಲಿಯ ಕೋಶಗಳಿಗೆ ಸುಮ್ನಿರುವುದೇ ಗೊತ್ತಿಲ್ಲ. ಎಚ್‌ಸಿಎನ್ ಅನ್ನುವ ಚಾನೆಲ್‌ನಿಂದ ಸೋಡಿಯಂ ಸಣ್ಣಗೆ ಸೋರುತ್ತಾ ವೋಲ್ಟೇಜ್ ತಾನೇ ಏರುತ್ತದೆ, ಮಿತಿ ಮುಟ್ಟಿದಾಗ ಕ್ಯಾಲ್ಸಿಯಂ ಚಾನೆಲ್ ತೆರೆಯುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇದು ನಡೆಯುತ್ತದೆ.

ಹಾಗಾದರೆ ಲಯ ತಪ್ಪುವುದು ಹೇಗೆ?

ಮುಖ್ಯವಾಗಿ ಮೂರು ದಾರಿ. ಬಡಿತ ಶುರು ಮಾಡಬಾರದ ಜಾಗದಲ್ಲಿ ಶುರುವಾಗಬಹುದು. ಒಂದು ಬಡಿತ ಮುಗಿಯುವ ಮೊದಲೇ ಅದರ ಬಾಲದಲ್ಲಿ ಇನ್ನೊಂದು ಹುಟ್ಟಬಹುದು. ಇಲ್ಲವೇ, ಒಂದು ಅಲೆ ಗಾಯದ ಕಲೆ ಇರುವ ಸ್ನಾಯುವನ್ನು ಸುತ್ತಿ, ಬಿಡುವು ಮುಗಿಸಿ ಎದ್ದ ಕೋಶಗಳನ್ನು ಮತ್ತೆ ಮತ್ತೆ ಎಬ್ಬಿಸುತ್ತಾ ತಿರುಗುತ್ತಲೇ ಇರಬಹುದು. ಆಸ್ಪತ್ರೆಗೆ ಬರುವ ಜೋರು ಬಡಿತಗಳಲ್ಲಿ ಜಾಸ್ತಿ ಪಾಲು ಈ ಮೂರನೆಯದು.

ಆಗೊಮ್ಮೆ ಈಗೊಮ್ಮೆ ಎದೆ 'ಧಡ್' ಎಂದು ಒಂದು ಬಡಿತ ತಪ್ಪಿದಂತಾಗುವುದು ಎಷ್ಟೋ ಜನರಿಗೆ ಇರುತ್ತದೆ. ಹೃದಯ ಗಟ್ಟಿಯಾಗಿದ್ದರೆ ಅದಕ್ಕೆ ಹೆಚ್ಚಿನ ಸಲ ಔಷಧಿಯೇ ಬೇಡ.

ಯಾವ ಔಷಧಿ ಯಾವ ಚಾನೆಲ್ ಮೇಲೆ?

1970ರಲ್ಲಿ ಆಕ್ಸ್‌ಫರ್ಡಿನ ವಾನ್ ವಿಲಿಯಮ್ಸ್ ಶುರು ಮಾಡಿದ ವಿಂಗಡಣೆಯನ್ನೇ ಇವತ್ತಿಗೂ ಕಲಿಸುತ್ತೇವೆ. ಒಂದನೆಯ ವರ್ಗ ಸೋಡಿಯಂ ಚಾನೆಲ್ ತಡೆಯುವವು: ಲಿಡೋಕೇನ್, ಮೆಕ್ಸಿಲೆಟಿನ್, ಫ್ಲೆಕೈನೈಡ್, ಪ್ರೊಪಾಫೆನೋನ್, ಕ್ವಿನಿಡಿನ್. ಎರಡನೆಯದು ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು. ಇವು ಚಾನೆಲ್ಲನ್ನು ನೇರವಾಗಿ ಮುಟ್ಟದೆ, ಅಡ್ರಿನಲಿನ್ ಅದನ್ನು ಕೆರಳಿಸದಂತೆ ನೋಡಿಕೊಳ್ಳುತ್ತವೆ. ಮೂರನೆಯದು ಪೊಟ್ಯಾಸಿಯಂ ಚಾನೆಲ್ ತಡೆದು ಆ ಬಿಡುವನ್ನು ಉದ್ದ ಮಾಡುವವು: ಸೊಟಲಾಲ್, ಡೊಫೆಟಿಲೈಡ್, ಅಮಿಯೊಡರೋನ್. ನಾಲ್ಕನೆಯದು ಕ್ಯಾಲ್ಸಿಯಂ ಚಾನೆಲ್ ತಡೆಯುವ ವೆರಾಪಮಿಲ್, ಡಿಲ್ಟಿಯಜೆಮ್.

ಪರೀಕ್ಷೆಗೆ ಇದು ಸಾಕು. ಆದರೆ ಔಷಧಿಗಳು ಈ ಪಟ್ಟಿ ಓದಿಕೊಂಡು ಬಂದಿಲ್ಲ. ಸೊಟಲಾಲ್ ಬೀಟಾ ಬ್ಲಾಕರ್ ಕೂಡ ಹೌದು. ಅಮಿಯೊಡರೋನ್ ನಾಲ್ಕೂ ವರ್ಗದ ಕೆಲಸ ಮಾಡುತ್ತದೆ. ಅಡೆನೊಸಿನ್, ಡಿಗಾಕ್ಸಿನ್, ಐವಾಬ್ರಡಿನ್ ಇವಕ್ಕೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಚಾನೆಲ್ ಗೊತ್ತಾದ ಮೇಲೆ ಔಷಧಿ ಮಾಡಿದ್ರಾ?

ಇಲ್ಲ, ಔಷಧಿ ಮೊದಲು ಬಂತು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ತೆಗೆದುಕೊಂಡರೆ ತನ್ನ ಎದೆಯ ಅಡ್ಡಾದಿಡ್ಡಿ ಬಡಿತ ನಿಲ್ಲುತ್ತದೆ ಎಂದು ಒಬ್ಬ ಡಚ್ ವ್ಯಾಪಾರಿ ಡಾಕ್ಟರಿಗೇ ಹೇಳಿದ. ವೆಂಕೆಬಾಕ್ ಅದನ್ನು 1914ರಲ್ಲಿ ಬರೆದಿಟ್ಟರು. 1918ರಲ್ಲಿ ಫ್ರೇ ಅನ್ನುವವರು ಅದೇ ಸಿಂಕೋನಾ ತೊಗಟೆಯ ಕ್ವಿನಿಡಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆಂದು ತೋರಿಸಿದರು. ಚಾನೆಲ್‌ಗಳ ಲೆಕ್ಕಾಚಾರವನ್ನು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ಡಿನ ನರದಲ್ಲಿ ಮಾಡಿ ತೋರಿಸಿದ್ದು 1952ರಲ್ಲಿ. ಒಂದೇ ಒಂದು ಚಾನೆಲ್ ತೆರೆದು ಮುಚ್ಚುವುದನ್ನು ನೆಹೆರ್ ಮತ್ತು ಸಾಕ್‌ಮನ್ ಅಳೆದದ್ದು 1976ರಲ್ಲಿ. ಪೊಟ್ಯಾಸಿಯಂ ಚಾನೆಲ್ಲಿನ ಆಕಾರ ಮೆಕಿನನ್ ಅವರಿಂದ ಗೊತ್ತಾದದ್ದು 1998ರಲ್ಲಿ. ಮೂರೂ ಕೆಲಸಕ್ಕೆ ನೊಬೆಲ್ ಬಂತು. ಗುರಿ ಕಾಣುವ ಮೊದಲೇ ಬಾಣ ಬಿಟ್ಟಿದ್ದರ ಫಲವನ್ನು ಈ ಕ್ಷೇತ್ರ ಈಗಲೂ ಉಣ್ಣುತ್ತಿದೆ.

ಚಾನೆಲ್ ಮುಚ್ಚಿದರೆ ಒಳ್ಳೆಯ ಬಡಿತವೂ ನಿಂತುಹೋಗುವುದಿಲ್ವಾ?

ತರಗತಿಯಲ್ಲಿ ನನಗೆ ತುಂಬಾ ಇಷ್ಟವಾಗುವ ಪ್ರಶ್ನೆ ಇದು. ಸೋಡಿಯಂ ಚಾನೆಲ್‌ಗೆ ಮೂರು ಸ್ಥಿತಿ: ಮುಚ್ಚಿಕೊಂಡು ಸಿದ್ಧವಾಗಿರುವುದು, ತೆರೆದಿರುವುದು, ತೆರೆದಾದ ಮೇಲೆ ಸ್ವಲ್ಪ ಹೊತ್ತು ಮರಗಟ್ಟಿರುವುದು. ಲಿಡೋಕೇನ್ ಸಿದ್ಧವಾಗಿರುವ ಚಾನೆಲ್‌ಗೆ ಅಷ್ಟಾಗಿ ಅಂಟುವುದಿಲ್ಲ. ತೆರೆದಿರುವಾಗ, ಮರಗಟ್ಟಿರುವಾಗ ಚೆನ್ನಾಗಿ ಅಂಟುತ್ತದೆ. ನಿಮಿಷಕ್ಕೆ 70 ಬಡಿತ ಇದ್ದರೆ ಎರಡು ಬಡಿತಗಳ ನಡುವೆ ಅದು ಕಳಚಿಕೊಳ್ಳಲು ಸಮಯ ಇರುತ್ತದೆ. 180 ಇದ್ದರೆ ಇರುವುದಿಲ್ಲ. ಹಾಗಾಗಿ ಹುಚ್ಚೆದ್ದು ಓಡುವ ಕೋಶಕ್ಕೇ ಪೆಟ್ಟು ಜಾಸ್ತಿ ಬೀಳುತ್ತದೆ. ರಕ್ತ ಸಿಗದೆ ಒದ್ದಾಡುತ್ತಿರುವ ಸ್ನಾಯುವಿನಲ್ಲಿ ಚಾನೆಲ್‌ಗಳು ಮರಗಟ್ಟಿಯೇ ಇರುವುದರಿಂದ ಅಲ್ಲೂ ಲಿಡೋಕೇನ್ ಹಿಡಿತ ಬಿಗಿ.

ಫ್ಲೆಕೈನೈಡ್ ಹಾಗಲ್ಲ. ಅದು ಕಳಚಿಕೊಳ್ಳಲು ಹಲವು ಸೆಕೆಂಡ್ ತೆಗೆದುಕೊಳ್ಳುತ್ತದೆ. ಮಾಮೂಲಿ ವೇಗದಲ್ಲೂ ಅಂಟಿಕೊಂಡೇ ಇದ್ದು, ಎಲ್ಲ ಕಡೆ ಅಲೆಯ ಓಟವನ್ನು ನಿಧಾನ ಮಾಡುತ್ತದೆ. ಇಸಿಜಿಯಲ್ಲಿ ಕ್ಯೂಆರ್‌ಎಸ್, ಅಂದರೆ ಕೆಳಗಿನ ಕೋಣೆಗಳಲ್ಲಿ ಅಲೆ ಹರಡುವುದನ್ನು ತೋರಿಸುವ ಭಾಗ, ಅಗಲವಾಗುತ್ತದೆ.

ಪೊಟ್ಯಾಸಿಯಂ ಚಾನೆಲ್ ತಡೆಯುವ ಸೊಟಲಾಲ್, ಡೊಫೆಟಿಲೈಡ್ ಕಥೆ ಇನ್ನೂ ತಿರುಗುಮುರುಗು. ಬಡಿತ ನಿಧಾನವಾದಷ್ಟೂ ಇವುಗಳ ಪರಿಣಾಮ ಜಾಸ್ತಿ. ಬೇಕಾದಾಗ, ಅಂದರೆ ಜೋರಾಗಿ ಓಡುವಾಗ, ಕಡಿಮೆ. ಔಷಧಿ ವಿನ್ಯಾಸ ಮಾಡುವವರಿಗೆ ಇದಕ್ಕಿಂತ ದೊಡ್ಡ ತಲೆನೋವು ಬೇಕಾ?

ಬಡಿತ ಸರಿ ಮಾಡುವ ಮಾತ್ರೆಯೇ ಬಡಿತ ಕೆಡಿಸುತ್ತೆ ಅಂತಾರೆ. ನಿಜಾನಾ?

ನಿಜ. ಇದನ್ನು ಜಗತ್ತಿಗೆ ಕಲಿಸಿದ್ದು ಕ್ಯಾಸ್ಟ್ ಎಂಬ ಅಧ್ಯಯನ. ಹೃದಯಾಘಾತ ಆದವರಲ್ಲಿ ಕೆಳಗಿನ ಕೋಣೆಯಿಂದ ಹೆಚ್ಚುವರಿ ಬಡಿತಗಳು ಬರುತ್ತಿದ್ದರೆ ಹಠಾತ್ ಸಾವಿನ ಅಪಾಯ ಜಾಸ್ತಿ ಎಂದು ಗೊತ್ತಿತ್ತು. ಹಾಗಾದರೆ ಆ ಬಡಿತಗಳನ್ನು ಅಡಗಿಸಿದರೆ ಜೀವ ಉಳಿಯಬೇಕು, ಅಲ್ವಾ? ತರ್ಕ ಚೆನ್ನಾಗಿಯೇ ಇತ್ತು. ಡಾಕ್ಟರುಗಳು ಅದರಂತೆ ಮಾತ್ರೆ ಬರೆಯುತ್ತಲೂ ಇದ್ದರು.

1,498 ಜನರಲ್ಲಿ ಅರ್ಧದಷ್ಟು ಮಂದಿಗೆ ಎನ್‌ಕೈನೈಡ್ ಅಥವಾ ಫ್ಲೆಕೈನೈಡ್, ಉಳಿದವರಿಗೆ ಅದೇ ರೀತಿ ಕಾಣುವ ಔಷಧಿಯಿಲ್ಲದ ಮಾತ್ರೆ ಕೊಟ್ಟರು. ಸರಾಸರಿ 10 ತಿಂಗಳಲ್ಲಿ ಔಷಧಿ ತೆಗೆದುಕೊಂಡ ಕಡೆ 63 ಸಾವು, ಖಾಲಿ ಮಾತ್ರೆಯ ಕಡೆ 26. ಇಸಿಜಿ ಚೆನ್ನಾಗಿ ಕಾಣುತ್ತಿತ್ತು, ಜನ ಸಾಯುತ್ತಿದ್ದರು. 1989ರಲ್ಲಿ ಆ ಭಾಗವನ್ನು ನಿಲ್ಲಿಸಿದರು. ಪೂರ್ತಿ ವರದಿ 1991ರಲ್ಲಿ ಬಂತು.

ಕಾರಣ ಮೇಲೆ ಹೇಳಿದ್ದರಲ್ಲೇ ಇದೆ. ಹೃದಯಾಘಾತದ ಕಲೆಯ ಸುತ್ತ ಅಲೆ ಮೊದಲೇ ನಿಧಾನ. ಸೋಡಿಯಂ ಚಾನೆಲ್ ತಡೆದು ಇನ್ನೂ ನಿಧಾನ ಮಾಡಿದರೆ, ಅಲೆ ಕಲೆಯನ್ನು ಸುತ್ತಿ ಬರುವಷ್ಟರಲ್ಲಿ ಹಿಂದಿನ ಕೋಶಗಳು ಬಿಡುವು ಮುಗಿಸಿ ಎದ್ದಿರುತ್ತವೆ. ಸುತ್ತು ನಿಲ್ಲುವ ಬದಲು ಭದ್ರವಾಗುತ್ತದೆ. ಹಾಗಾಗಿ ಹೃದಯಾಘಾತ ಆದವರಿಗೆ, ಹೃದಯದ ಶಕ್ತಿ ಕುಗ್ಗಿದವರಿಗೆ ಫ್ಲೆಕೈನೈಡ್ ಕೊಡುವುದಿಲ್ಲ. ಅದೇ ಫ್ಲೆಕೈನೈಡ್ ಹೃದಯ ಗಟ್ಟಿಯಾಗಿರುವವರ ಏಟ್ರಿಯಲ್ ಫಿಬ್ರಿಲೇಷನ್‌ಗೆ (ಮೇಲಿನ ಕೋಣೆಗಳು ಲಯವಿಲ್ಲದೆ ಅದುರುವುದು) ಒಳ್ಳೆಯ ಔಷಧಿ. "ಪಕ್ಕದ ಮನೆಯವರಿಗೆ ಕೊಟ್ಟಿದ್ದಾರೆ, ನನಗೆ ಯಾಕಿಲ್ಲ" ಎಂದು ಕೇಳುವವರು ಈ ಒಂದು ಉತ್ತರವನ್ನು ಎರಡು ಸಲ ಓದಬೇಕು.

ಗ್ಯಾಸ್ಟ್ರಿಕ್ ಮಾತ್ರೆಗೂ ಎದೆಬಡಿತಕ್ಕೂ ಏನು ಸಂಬಂಧ?

ಬಡಿತ ಮುಗಿಸಿ ಕೋಶವನ್ನು ವಾಪಸ್ ತರುವ ಪೊಟ್ಯಾಸಿಯಂ ಚಾನೆಲ್‌ಗಳಲ್ಲಿ ಹರ್ಗ್ ಎಂಬುದೊಂದು. ಅದರ ಒಳಗಿನ ಗುಹೆ ದೊಡ್ಡದು, ಗೋಡೆಯಲ್ಲಿ ಔಷಧಿಗಳು ಹಿಡಿದುಕೊಳ್ಳಲು ಅನುಕೂಲವಾದ ಜಾಗಗಳಿವೆ. ಹೃದಯಕ್ಕೆ ಸಂಬಂಧವೇ ಇಲ್ಲದ ಎಷ್ಟೋ ಮಾತ್ರೆಗಳು ಹೋಗಿ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಬಡಿತದ ಕೊನೆ ಎಳೆದುಕೊಂಡು ಹೋಗುತ್ತದೆ, ಇಸಿಜಿಯಲ್ಲಿ ಕ್ಯೂಟಿ, ಅಂದರೆ ಕೆಳಗಿನ ಕೋಣೆಗಳು ಒಂದು ಬಡಿತ ಶುರು ಮಾಡಿ ಮೊದಲಿನ ಸ್ಥಿತಿಗೆ ಬರುವವರೆಗಿನ ಸಮಯ, ಉದ್ದವಾಗುತ್ತದೆ. ವೇಗಕ್ಕೆ ತಕ್ಕಂತೆ ಸರಿಪಡಿಸಿದ ಕ್ಯೂಟಿ 500 ಮಿಲಿಸೆಕೆಂಡ್ ದಾಟಿದರೆ ಟಾರ್ಸಾಡ್ ಎಂಬ ಮಾರಕ ಓಟ ಶುರುವಾಗುವ ಭಯ ಜಾಸ್ತಿ. ಅದು ಶುರುವಾದರೆ ರಕ್ತನಾಳದೊಳಗೆ ಮೆಗ್ನೀಸಿಯಂ ಕೊಡುತ್ತಾರೆ.

ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆ ಹೀಗೇ ಹೋಯಿತು. ಯಕೃತ್ತು ಅದನ್ನು ಕೂಡಲೇ ಬೇರೆ ರೂಪಕ್ಕೆ ತಿರುಗಿಸುತ್ತಿದ್ದರಿಂದ ಸಾಮಾನ್ಯರಿಗೆ ತೊಂದರೆ ಆಗುತ್ತಿರಲಿಲ್ಲ. ಜೊತೆಗೆ ಕೀಟೊಕೊನಜೋಲ್ ಅಥವಾ ಎರಿತ್ರೊಮೈಸಿನ್ ನುಂಗಿದರೆ ಯಕೃತ್ತಿನ ಆ ಕೆಲಸ ನಿಲ್ಲುತ್ತಿತ್ತು, ಔಷಧಿ ಹರ್ಗ್‌ಗೆ ಅಂಟುತ್ತಿತ್ತು. ಅಮೆರಿಕದ ಮಾರುಕಟ್ಟೆಯಿಂದ 1998ರಲ್ಲಿ ಅದನ್ನು ತೆಗೆದರು. ಯಕೃತ್ತು ಮಾಡುತ್ತಿದ್ದ ಆ ರೂಪವೇ ಈಗ ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಫೆಕ್ಸೊಫೆನಡಿನ್. ಸಿಸಪ್ರೈಡ್ ಎಂಬ ಹೊಟ್ಟೆಯ ಔಷಧಿಯೂ 2000ದಲ್ಲಿ ಅಮೆರಿಕದಲ್ಲಿ ಇದೇ ದಾರಿ ಹಿಡಿಯಿತು. 2005ರಿಂದ ಹೊಸ ಔಷಧಿ ಯಾವುದೇ ಕಾಯಿಲೆಗಿರಲಿ, ಹರ್ಗ್ ಮತ್ತು ಕ್ಯೂಟಿ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ.

ಈಗ ನಮ್ಮ ಮಾತಿಗೆ ಬರೋಣ. ಗ್ಯಾಸ್ಟ್ರಿಕ್ ಅಂದ ಕೂಡಲೇ ಕೊಡುವ ಕ್ಯಾಪ್ಸೂಲ್‌ಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಇರುವುದು ಸಾಮಾನ್ಯ. ಡೊಂಪೆರಿಡೋನ್ ಹರ್ಗ್ ತಡೆಯುತ್ತದೆ. ಯುರೋಪಿನಲ್ಲಿ 2014ರಿಂದ ಅದನ್ನು ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಕೊಡಬಾರದು ಎಂದಿದೆ. ನಮ್ಮಲ್ಲಿ ತಿಂಗಳುಗಟ್ಟಲೆ ಚೀಟಿ ಇಲ್ಲದೆ ನುಂಗುವವರಿದ್ದಾರೆ. ಗಟ್ಟಿಮುಟ್ಟಾದವರಿಗೆ ನಾಲ್ಕು ದಿನದ ಮಾತ್ರೆಯಿಂದ ಅಪಾಯ ತೀರಾ ಕಡಿಮೆ, ಹೆದರಿ ಕೂರಬೇಡಿ. ಆದರೆ ಸೊಟಲಾಲ್ ಅಥವಾ ಅಮಿಯೊಡರೋನ್ ತೆಗೆದುಕೊಳ್ಳುತ್ತಿರುವ ವಯಸ್ಸಾದ ಹೆಂಗಸಿಗೆ ಭೇದಿ ಹತ್ತಿಕೊಂಡು, ಅಂಗಡಿಯಲ್ಲಿ ಡೊಂಪೆರಿಡೋನ್, ಕೆಮ್ಮಿಗೆ ಕ್ಲಾರಿತ್ರೊಮೈಸಿನ್ ಅಥವಾ ಅಜಿತ್ರೊಮೈಸಿನ್ ಕೊಟ್ಟರೆ ಲೆಕ್ಕ ಬೇರೆ. ಹೆಂಗಸರಿಗೆ, ವಯಸ್ಸಾದವರಿಗೆ, ಪೊಟ್ಯಾಸಿಯಂ ಇಳಿದವರಿಗೆ ಈ ಅಪಾಯ ಜಾಸ್ತಿ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ನಾಳೆ ಕೌಂಟರಿನ ಹಿಂದೆ ನಿಲ್ಲುವವರೇ. ಅದಕ್ಕೇ ಈ ಉತ್ತರ ಇಷ್ಟು ಉದ್ದ.

ಎಳನೀರು ಕುಡಿಯಬಹುದಾ?

ತೆಂಗಿನ ಜಿಲ್ಲೆಯಲ್ಲಿ ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ಒಂದು ದೊಡ್ಡ ಲೋಟ ಎಳನೀರಿನಲ್ಲಿ ಅರ್ಧ ಗ್ರಾಂ ಆಸುಪಾಸು ಪೊಟ್ಯಾಸಿಯಂ ಇರುತ್ತದೆ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಒಳಗಿರಬೇಕು. ಕಿಡ್ನಿ ಚೆನ್ನಾಗಿದ್ದರೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಧಾರಾಳವಾಗಿ ಕುಡಿಯಿರಿ. ಕಿಡ್ನಿ ಸೋತವರು, ಸ್ಪಿರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಪೊಟ್ಯಾಸಿಯಂ ತೀರಾ ಏರಿದರೆ ಸೋಡಿಯಂ ಚಾನೆಲ್‌ಗಳು ಮರಗಟ್ಟಿ ಬಡಿತವೇ ನಿಲ್ಲಬಹುದು.

ಇಳಿದರೂ ಕಷ್ಟ. ವಾಂತಿ, ಭೇದಿ, ನೀರು ಇಳಿಸುವ ಫ್ಯೂರೊಸೆಮೈಡ್ ಇವುಗಳಿಂದ ಪೊಟ್ಯಾಸಿಯಂ ಇಳಿಯುತ್ತದೆ. ಹೊರಗೆ ಪೊಟ್ಯಾಸಿಯಂ ಕಡಿಮೆಯಾದರೆ ಅದು ಕೋಶದಿಂದ ಇನ್ನೂ ಜೋರಾಗಿ ಹೊರಗೆ ಹರಿಯಬೇಕು ಅನಿಸುತ್ತದೆ. ಹರ್ಗ್ ಮಾತ್ರ ಉಲ್ಟಾ: ಹೊರಗೆ ಕಡಿಮೆಯಾದಷ್ಟೂ ಅದರ ಹರಿವೂ ಕುಗ್ಗುತ್ತದೆ, ಕ್ಯೂಟಿ ಉದ್ದವಾಗುತ್ತದೆ. ಹಾಗಾಗಿ ಕ್ಯೂಟಿ ಉದ್ದ ಮಾಡುವ ಮಾತ್ರೆಗಳ ಮೇಲಿರುವವರಿಗೆ ಭೇದಿ ಸಣ್ಣ ಕಾಯಿಲೆಯಲ್ಲ.

ಅಮಿಯೊಡರೋನ್ ಬಗ್ಗೆ ಜನ ಯಾಕೆ ಹೆದರುತ್ತಾರೆ?

1960ರ ದಶಕದಲ್ಲಿ ಬೆಲ್ಜಿಯಂನಲ್ಲಿ ಎದೆನೋವಿಗೆಂದು ಮಾಡಿದ ಔಷಧಿ ಇದು. ಲಯ ತಪ್ಪಿದ ಬಡಿತಕ್ಕೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಇನ್ನೊಂದು ಸಿಗುವುದು ಕಷ್ಟ. ಹೃದಯದ ಶಕ್ತಿ ಕುಗ್ಗಿದವರಿಗೂ ಕೊಡಬಹುದು. ಕ್ಯೂಟಿ ಉದ್ದ ಮಾಡಿದರೂ ಟಾರ್ಸಾಡ್ ತರುವುದು ಅಪರೂಪ, ಬೇರೆ ಚಾನೆಲ್‌ಗಳನ್ನೂ ಒಟ್ಟಿಗೆ ತಡೆಯುವುದರಿಂದ.

ಆದರೆ ಅದರ ತೂಕದಲ್ಲಿ ನೂರಕ್ಕೆ 37 ಭಾಗ ಅಯೋಡಿನ್. ಥೈರಾಯ್ಡ್ ಏರಲೂಬಹುದು, ಇಳಿಯಲೂಬಹುದು. ಶ್ವಾಸಕೋಶ, ಯಕೃತ್ತಿಗೂ ಹಾನಿ ಮಾಡಬಲ್ಲದು. ಬಿಸಿಲಿಗೆ ಚರ್ಮ ಸುಡುತ್ತದೆ. ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ಮಾತ್ರೆ ನಿಲ್ಲಿಸಿದರೂ ವಾರ, ತಿಂಗಳುಗಟ್ಟಲೆ ಮೈಯಲ್ಲೇ ಇರುತ್ತದೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಲಿವರ್ ಪರೀಕ್ಷೆ ತಪ್ಪಿಸಬೇಡಿ. ಒಣಕೆಮ್ಮು, ಏದುಸಿರು ಹೊಸದಾಗಿ ಬಂದರೆ ಹೇಳಿ. ರಕ್ತ ತಿಳಿ ಮಾಡುವ ವಾರ್ಫರಿನ್, ಇಲ್ಲವೇ ಡಿಗಾಕ್ಸಿನ್ ಜೊತೆಗಿದ್ದರೆ ಅವುಗಳ ಡೋಸ್ ಇಳಿಸಬೇಕಾಗುತ್ತದೆ.

ಮಗು ಓಡುವಾಗ ಎಚ್ಚರ ತಪ್ಪಿ ಬೀಳುತ್ತದೆ. ಮೂರ್ಛೆರೋಗ ಅಂದಿದ್ದಾರೆ. ಇಸಿಜಿ ಯಾಕೆ ಬೇಕು?

ಬೇಕೇ ಬೇಕು. ಕೆಲವು ಮನೆತನಗಳಲ್ಲಿ ಚಾನೆಲ್ ಮಾಡುವ ಜೀನ್‌ನಲ್ಲೇ ದೋಷ ಇರುತ್ತದೆ, ಕ್ಯೂಟಿ ಹುಟ್ಟಿನಿಂದಲೇ ಉದ್ದ. ಕೆಸಿಎನ್‌ಕ್ಯೂ1 ಜೀನ್ ಕೆಟ್ಟಿದ್ದರೆ ಓಡುವಾಗ, ಅದರಲ್ಲೂ ಬಾವಿ ಕೆರೆಯಲ್ಲಿ ಈಜುವಾಗ ಅಪಾಯ. ಹರ್ಗ್ ಜೀನ್ ಕೆಟ್ಟಿದ್ದರೆ ಅಲಾರಂ, ಫೋನ್ ಸದ್ದಿಗೆ ಬೆಚ್ಚಿದಾಗ. ಸೋಡಿಯಂ ಚಾನೆಲ್ಲಿನ ಎಸ್‌ಸಿಎನ್5ಎ ಜೀನ್ ಆದರೆ ನಿದ್ದೆಯಲ್ಲಿ. ಫಿಟ್ಸ್ ಎಂದೋ, ಗಾಳಿ ಸೋಕಿದೆ ಎಂದೋ ವರ್ಷಗಟ್ಟಲೆ ಅಲೆಯುವವರಿದ್ದಾರೆ.

ಹುಟ್ಟಿನಿಂದ ಎರಡೂ ಕಿವಿ ಕೇಳದ ಮಗುವಿಗೆ ಹೀಗಾದರೆ ಇನ್ನೂ ಗಮನ ಕೊಡಿ. ಕೆಸಿಎನ್‌ಕ್ಯೂ1 ಜೀನ್ ಮಾಡುವ ಪೊಟ್ಯಾಸಿಯಂ ಚಾನೆಲ್ ಒಳಗಿವಿಗೂ ಬೇಕು. ತಾಯಿ, ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಕಿವುಡು ಮತ್ತು ಉದ್ದ ಕ್ಯೂಟಿ ಒಟ್ಟಿಗೆ ಬರುತ್ತವೆ. 1957ರಲ್ಲಿ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಇದನ್ನು ವಿವರಿಸಿದರು. ಅಪರೂಪದ ಕಾಯಿಲೆ, ನಿಜ. ಆದರೆ ಸೋದರಮಾವ, ಅತ್ತೆಮಗನ ಜೊತೆ ಮದುವೆ ನಡೆಯುವ ನಮ್ಮ ಸೀಮೆಯಲ್ಲಿ ಇಂಥ ಕಾಯಿಲೆಗಳಿಗೆ ದಾರಿ ಸಲೀಸು.

ಚಿಕಿತ್ಸೆ ಇದೆ. ಪ್ರೊಪ್ರನೊಲಾಲ್ ಅಥವಾ ನಾಡೊಲಾಲ್ ಹೆಚ್ಚಿನವರಿಗೆ, ಸೋಡಿಯಂ ಚಾನೆಲ್ ಸೋರುವ ಬಗೆಗೆ ಮೆಕ್ಸಿಲೆಟಿನ್. ಗುರಿ ಗೊತ್ತಿದ್ದು ಔಷಧಿ ಆರಿಸುವ ಚೆಂದದ ಉದಾಹರಣೆ ಇದು. ಒಬ್ಬರಿಗೆ ಗೊತ್ತಾದರೆ ಒಡಹುಟ್ಟಿದವರಿಗೂ, ಅಪ್ಪ ಅಮ್ಮನಿಗೂ ಇಸಿಜಿ ಮಾಡಿಸಬೇಕು.

ಇಂಜೆಕ್ಷನ್ ಕೊಟ್ಟ ಕೂಡಲೇ ಎದೆ ನಿಂತಂತಾಯಿತು. ಏನದು?

ಬಹುಶಃ ಅಡೆನೊಸಿನ್. ಎಸ್‌ವಿಟಿ ಎಂಬ ಜೋರು ಓಟಕ್ಕೆ ಕೊಡುತ್ತಾರೆ. ಇದು ಎವಿ ನೋಡ್‌ನಲ್ಲಿ, ಅಂದರೆ ಅಲೆ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ದಾಟುವ ಜಾಗದಲ್ಲಿ, ಪೊಟ್ಯಾಸಿಯಂ ಚಾನೆಲ್ಲನ್ನು ತೆರೆಯುವ ಔಷಧಿ. ಅಲೆ ಅಲ್ಲಿ ಕ್ಷಣಕಾಲ ನಿಲ್ಲುತ್ತದೆ, ಸುತ್ತು ಕತ್ತರಿಸುತ್ತದೆ. ಎದೆ ಹಿಂಡಿದಂತಾಗಿ ಸತ್ತೇ ಹೋದೆ ಅನಿಸುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ 10 ಸೆಕೆಂಡಿಗಿಂತ ಕಡಿಮೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮೂಗಿಗೆ ಸಿಂಪಡಿಸಿಕೊಳ್ಳುವ ಎಟ್ರಿಪಮಿಲ್ ಎಂಬ ಕ್ಯಾಲ್ಸಿಯಂ ಚಾನೆಲ್ ತಡೆಯೂ ಬಂದಿದೆ. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧ ಗಂಟೆಯೊಳಗೆ ಓಟ ನಿಂತದ್ದು ನೂರಕ್ಕೆ 64 ಮಂದಿಗೆ, ಖಾಲಿ ಸ್ಪ್ರೇಯಲ್ಲಿ 31.

ಎಸ್‌ವಿಟಿ ಪದೇ ಪದೇ ಬರುತ್ತಿದ್ದರೆ ಮಾತ್ರೆಗಿಂತ ಅಬ್ಲೇಷನ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ತೊಡೆಯ ರಕ್ತನಾಳದಿಂದ ಒಳಹೋಗಿ ಆ ತಪ್ಪು ದಾರಿಯನ್ನೇ ಸುಡುತ್ತಾರೆ. ಹೆಚ್ಚಿನವರಿಗೆ ಮತ್ತೆ ಮಾತ್ರೆ ಬೇಕಾಗುವುದಿಲ್ಲ.

ಡಿಗಾಕ್ಸಿನ್ ಚಾನೆಲ್ ಔಷಧಿಯಾ?

ಅಲ್ಲ. ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ಪಂಪನ್ನು ಅದು ತಡೆಯುತ್ತದೆ. ಬೇಲಿಯಲ್ಲಿ ಬೆಳೆಯುವ ಕಣಗಿಲೆಯ ವಿಷವೂ ಅದೇ ಪಂಪಿನ ಮೇಲೆ ಬೀಳುತ್ತದೆ. ಕಣಗಿಲೆ, ವತ್ಸನಾಭಿ ಸೇರಿಸಿದ ನಾಟಿ ಔಷಧಿಗಳ ಸಹವಾಸ ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಡವೇ ಬೇಡ. ವತ್ಸನಾಭಿಯ ವಿಷ ಸೋಡಿಯಂ ಚಾನೆಲ್ಲನ್ನು ಮುಚ್ಚಲು ಬಿಡುವುದಿಲ್ಲ.

ಲಯ ಸರಿಯಾದ ಮೇಲೂ ರಕ್ತ ತಿಳಿ ಮಾಡುವ ಮಾತ್ರೆ ಯಾಕೆ?

ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಗಡ್ಡೆಕಟ್ಟಿ ಪಾರ್ಶ್ವವಾಯು ಹೊಡೆಯಬಹುದು. ಚಾನೆಲ್ ಮಾತ್ರೆ ಅದನ್ನು ತಡೆಯುವುದಿಲ್ಲ, ಫಿಬ್ರಿಲೇಷನ್ ಸದ್ದಿಲ್ಲದೆ ಮರಳಲೂಬಹುದು. ಕೀಲುವಾತದ ಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾದವರಿಗೆ ಹಳೆಯ ವಾರ್ಫರಿನ್ನೇ ಉತ್ತಮ ಎಂದು 2022ರ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು. ವಾರ್ಫರಿನ್ ಇದ್ದರೆ ಸೊಪ್ಪು ಬಿಡಬೇಕಿಲ್ಲ. ಬಸ್ಸಾರು ಒಂದು ವಾರ ದಿನಾ, ಇನ್ನೊಂದು ವಾರ ಇಲ್ಲವೇ ಇಲ್ಲ ಅನ್ನುವಂತೆ ಮಾಡಬೇಡಿ, ಅಷ್ಟೆ.

ಮುಂದೆ ಎಂಥ ಔಷಧಿ ಬರಬಹುದು?

ಮೇಲಿನ ಕೋಣೆಯಲ್ಲಿ ಮಾತ್ರ ಹೆಚ್ಚಾಗಿರುವ ಚಾನೆಲ್‌ಗಳನ್ನು ಹಿಡಿಯಬೇಕು, ಕೆಳಗಿನ ಕೋಣೆಯನ್ನು ಮುಟ್ಟಬಾರದು ಎಂಬುದು ಬಹಳ ವರ್ಷದ ಆಸೆ. ಈ ದಾರಿಯಲ್ಲಿ ಬಂದ ವರ್ನಕಲಂಟ್‌ಗೆ ಯುರೋಪ್ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಫಿಬ್ರಿಲೇಷನ್ ವರ್ಷಗಟ್ಟಲೆ ಇದ್ದರೆ ಆ ಚಾನೆಲ್‌ಗಳೇ ಬದಲಾಗಿಬಿಡುತ್ತವೆ, ಅದೇ ತೊಡಕು. ಈಗ ರೋಗಿಯ ರಕ್ತದಿಂದಲೇ ಬಡಿಯುವ ಹೃದಯಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಔಷಧಿ ಪರೀಕ್ಷಿಸಬಹುದು. ಮುಂದಿನ ಒಳ್ಳೆಯ ಸುದ್ದಿ ಹೊಸ ಚಾನೆಲ್ ಹುಡುಕುವುದರಿಂದ ಬರುವುದಕ್ಕಿಂತ, ಯಾವ ರೋಗಿಗೆ ಯಾವುದು ಎಂದು ಆರಿಸುವುದರಿಂದ ಬರುತ್ತದೆ ಎಂದು ನನಗನಿಸುತ್ತದೆ.

ಇಸಿಜಿಗೆ ಬೆಂಗಳೂರಿಗೇ ಹೋಗಬೇಕಾ?

ಬೇಡ. ಎದೆನೋವಿನವರಿಗೆಂದು ತಂದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುವ ವ್ಯವಸ್ಥೆ ಇದೆ. ಬಡಿತ ಜೋರಾಗಿದ್ದಾಗಲೇ ತೆಗೆಸಿದ ಒಂದು ಇಸಿಜಿ, ನಿಂತ ಮೇಲೆ ಜಯದೇವದಲ್ಲಿ ತೆಗೆಸುವ ಹತ್ತಕ್ಕಿಂತ ಬೆಲೆಯುಳ್ಳದ್ದು. ಎಚ್ಚರ ತಪ್ಪಿದರೆ, ಎದೆನೋವು ಅಥವಾ ಏದುಸಿರು ಜೊತೆಗಿದ್ದರೆ ಸ್ಕೂಟರ್ ಹತ್ತಬೇಡಿ, 108ಕ್ಕೆ ಕರೆ ಮಾಡಿ. ಇನ್ನೊಂದು ವಿಷಯ: ಇಸಿಜಿ ಕಾಗದ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಅದರ ಜೊತೆ ಇಟ್ಟುಕೊಳ್ಳಿ, ಗ್ಯಾಸ್ಟ್ರಿಕ್ ಮಾತ್ರೆಯೂ ಸೇರಿ.